ಗಾಜಿನ ಕೆಳಗೆ ಹತ್ತದ ದೀಪ

ಬೇಗಾರಿನ ಆ ಹೆಂಗಸು ನನ್ನ ಮೇಜಿನ ಮುಂದೆ ಕೂತು, ನಾನು ಏನನ್ನೂ ಕೇಳುವ ಮೊದಲೇ ಎರಡೂ ಅಂಗೈಗಳನ್ನು ಮೇಲೆ ಮಾಡಿ ಇಟ್ಟಳು. ಬೆರಳ ತುದಿಯಿಂದ ಅರ್ಧ ಅಂಗೈವರೆಗೆ ಕಪ್ಪು. ಕಮ್ಮರಡಿಯ ನನ್ನ ಒಂದು ಕೋಣೆಯ ಸೇವಾ ಕೇಂದ್ರಕ್ಕೆ ಅಡಿಕೆ ಸುಲಿತದ ಕಾಲದಲ್ಲಿ ಬರುವ ಅರ್ಧಕ್ಕರ್ಧ ಕೈಗಳು ಹಾಗೆಯೇ ಇರುತ್ತವೆ. ಹಸಿ ಸಿಪ್ಪೆಯ ಕರೆ ಸೋಪಿಗೆ ಜಗ್ಗುವುದಿಲ್ಲ. ಕತ್ತಿಗೆ ಕಾಯಿ ಒತ್ತಿ ಒತ್ತಿ ಬೆರಳ ಗೆರೆಗಳೂ ಸವೆಯುತ್ತವೆ. ಬೆರಳಚ್ಚು ಯಂತ್ರಕ್ಕೆ ಗೆರೆ ಬೇಕು. ಹಾಗಾಗಿ ನವೆಂಬರು ಬಂತೆಂದರೆ ನನ್ನ ಅರ್ಧ ದಿನ ಜನರ ಕೈಯ ಜೊತೆ ಜಗಳದಲ್ಲೇ ಕಳೆಯುತ್ತದೆ.

ಆಕೆಯ ಜೊತೆ ಗಂಡನೂ ಬಂದಿದ್ದ. ಹೇಳಬೇಕಾದದ್ದನ್ನೆಲ್ಲ ಆಕೆಯೇ ಹೇಳಿದಳು. ಗರ್ಭಕೋಶದಲ್ಲಿ ಗೆಡ್ಡೆ, ತಿಂಗಳುಗಳಿಂದ ನಿಲ್ಲದ ರಕ್ತಸ್ರಾವ. ಮರುದಿನ ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್. ಅಲ್ಲಿಯವರು ಹೊಸ ಆರೋಗ್ಯ ಕಾರ್ಡು ಮಾಡಿಸಿಕೊಂಡೇ ಬರಬೇಕು, ಇಲ್ಲದಿದ್ದರೆ ಆ ಸರದಿ ಬೇರೆಯವರಿಗೆ ಎಂದಿದ್ದರು. ಕಾರ್ಡಿಗೆ ಒಂದೋ ಮೊಬೈಲಿಗೆ ಬರುವ ಓಟಿಪಿ ಬೇಕು, ಇಲ್ಲವೇ ಬೆರಳಚ್ಚು. ಆಧಾರ್‌ಗೆ ಸೇರಿಸಿದ್ದ ನಂಬರು ಗಂಡನ ಹಳೆಯ ಫೋನಿನದು. ನರಸಿಂಹರಾಜಪುರದ ತನ್ನ ಅಕ್ಕನ ಮನೆಗೆ ಹೋದಾಗ ಭದ್ರೆಯ ಹಿನ್ನೀರಿನಲ್ಲಿ ಮೀನಿಗೆ ಇಳಿದು ಅವನು ಅದನ್ನು ಮುಳುಗಿಸಿ ಬಂದಿದ್ದ. ಉಳಿದದ್ದು ಬೆರಳು ಮಾತ್ರ. ಹಿಂದಿನ ದಿನ ಶೃಂಗೇರಿಯ ಒಂದು ಕೇಂದ್ರಕ್ಕೆ ಹೋಗಿದ್ದರು. ಅಲ್ಲಿಯವನು ಯಂತ್ರಕ್ಕೆ ಕೈ ಮುಟ್ಟಿಸಲೇ ಇಲ್ಲವಂತೆ. ಕಪ್ಪು ಕಂಡವನೇ, ಸುಲಿಯುವುದು ಬಿಟ್ಟು ವಾರ ಕಳೆದು ಬಾ ಎಂದನಂತೆ.

ಮಧ್ಯಾಹ್ನದ ಶಿವಮೊಗ್ಗದ ಬಸ್ಸಿಗೆ ಅವರು ಹತ್ತಲೇಬೇಕಿತ್ತು. ಬೇರೆ ಕೇಂದ್ರವೆಂದು ಕೊಪ್ಪಕ್ಕೆ ಹೋದರೆ ಆ ಬಸ್ಸು ತಪ್ಪುತ್ತದೆ. ಆಕೆಯ ಮುಖ ಬಿಳಿಚಿಕೊಂಡಿತ್ತು, ತುಟಿಯಲ್ಲಿ ಬಣ್ಣವಿರಲಿಲ್ಲ. ಇಂಥ ಸ್ಥಿತಿಯಲ್ಲೂ ಸುಲಿಯಲು ಹೋಗಿದ್ದೆಯಾ ಎಂದು ಕೇಳಿದೆ. ಕೂತು ಮಾಡುವ ಕೆಲಸವಲ್ಲವಾ ಅಕ್ಕ, ನಡೆಯಬೇಕಾಗಿಲ್ಲ ಎಂದಳು.

ಇಲ್ಲಿ ನನ್ನ ಕಂಪ್ಯೂಟರಿನ ವಿಷಯ ಹೇಳಬೇಕು. ಅದು ಮುದಿ ಯಂತ್ರ. ಎಲ್ಲರೂ ಬಳಸುವ ದೊಡ್ಡ ಬ್ರೌಸರುಗಳು ನಿನ್ನ ಯಂತ್ರಕ್ಕೆ ಇನ್ನು ನಮ್ಮಲ್ಲಿ ಹೊಸ ಆವೃತ್ತಿ ಇಲ್ಲ ಎಂದು ಕೈ ತೊಳೆದುಕೊಂಡಿದ್ದವು. ಅವುಗಳ ಹಳೆಯ ಆವೃತ್ತಿಯಲ್ಲಿ ಸರ್ಕಾರಿ ಪುಟಗಳು ಬಾಯಿ ಬಿಡುತ್ತಿರಲಿಲ್ಲ. ಆಗ ನಮ್ಮ ಕಡೆಯ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ನರಸಿಂಹರಾಜಪುರದ ಮೆಕ್ಯಾನಿಕ್ ಒಂದು ಅಪರೂಪದ ಬ್ರೌಸರ್ ಹಾಕಿಕೊಟ್ಟ. ಅದರ ಹೆಸರು ಹೇಳಿದರೆ ಬ್ಯಾಂಕಿನವರೂ ‘ಅದೆಂತದು’ ಎನ್ನುತ್ತಾರೆ. ಹೊರದೇಶದ ಯಾರೋ ನಾಲ್ಕು ಜನ ಹವ್ಯಾಸಕ್ಕೆ ನಡೆಸಿಕೊಂಡು ಬಂದಿರುವುದಂತೆ. ಆದರೆ ಹಗುರ. ಕನ್ನಡ ಅಕ್ಷರ ಒಡೆಯುವುದಿಲ್ಲ, ಕೇಳದೆ ಏನನ್ನೂ ಬದಲಾಯಿಸುವುದಿಲ್ಲ. ಎರಡು ವರ್ಷ ನನ್ನ ಅನ್ನ ಅದರ ಮೇಲೇ ನಡೆದಿತ್ತು. ಅದನ್ನು ಯಾರಾದರೂ ಹೀಯಾಳಿಸಿದರೆ ನನಗೆ ಸಿಟ್ಟು ಬರುತ್ತಿತ್ತು.

ಆ ಸುಲಿತದ ಕಾಲ ಶುರುವಾಗುವ ಹೊತ್ತಿಗೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದು ನನ್ನ ಕಡತಗಳೆಲ್ಲ ನಾಶವಾದವು. ಮೆಕ್ಯಾನಿಕ್ ಬಂದು ಎಲ್ಲ ಅಳಿಸಿ, ಒಂದು ಭದ್ರತಾ ಸಾಫ್ಟ್‌ವೇರ್ ಹಾಕಿದ. ಅದು ತಾನೊಂದೇ ಕೂರಲಿಲ್ಲ. ಬ್ರೌಸರಿನೊಳಗೆ ಒಂದು ಆಡ್-ಆನ್, ಅಂದರೆ ತನ್ನದೊಂದು ಚಿಕ್ಕ ಕಾವಲುಗಾರನನ್ನು ಕೂರಿಸಿತು. ಒಳ್ಳೆಯ ಪುಟಕ್ಕೆ ಹಸಿರು ಗುರುತು, ಕೆಟ್ಟದ್ದಕ್ಕೆ ಕೆಂಪು. ಇದು ದೊಡ್ಡ ಬ್ರೌಸರಿಗೆ ಮಾಡಿದ್ದು, ಇದರಲ್ಲೂ ನಡೆಯುತ್ತದೆ ಎಂದು ಅವನು ಒಂದು ಬ್ಯಾಂಕ್ ಪುಟ ತೆರೆದು ತೋರಿಸಿ ಬೈಕ್ ಹತ್ತಿದ. ಹಸಿರು ಗುರುತು ಕಂಡು ನಾನೂ ನೆಮ್ಮದಿಯಾಗಿದ್ದೆ.

ಆಕೆಯ ಬಲಗೈ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಒತ್ತಿಸಿ ಗುಂಡಿ ಅದುಮಿದೆ. ಪುಟದಲ್ಲಿ ಚಕ್ರ ತಿರುಗಿ ತಿರುಗಿ ‘ಬೆರಳಚ್ಚು ಸೆರೆಯಾಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಬಂತು. ತೋರುಬೆರಳು ಇಡಿಸಿದೆ. ಅದೇ ಉತ್ತರ. ಎಡಗೈಯದನ್ನು ಇಡಿಸಿದೆ. ಆಗಲೂ ಅದೇ.

ಇದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ನನ್ನ ಕೋಣೆಯ ಹೊರಗೆ ನಲ್ಲಿ, ನಲ್ಲಿಯ ಪಕ್ಕ ಸೋಪು, ಒಂದು ಲಿಂಬೆ ಹೋಳು, ಅಂಗಾಲು ಉಜ್ಜುವ ಒರಟು ಕಲ್ಲು. ಸುಲಿತದ ಕಾಲದಲ್ಲಿ ಇವನ್ನು ನಾನು ಸದಾ ಇಟ್ಟಿರುತ್ತೇನೆ. ಬೆರಳು ಬಾರದವರು ಹೊರಗೆ ಹೋಗಿ, ಲಿಂಬೆ ಹಚ್ಚಿ, ಕಲ್ಲಿನಿಂದ ತಿಕ್ಕಿ, ತೊಳೆದು ಬಂದು ಮತ್ತೆ ಕೂರುತ್ತಾರೆ. ಹೊಸಬರಿಗೆ ಹಳಬರೇ ಹೇಳಿಕೊಡುತ್ತಾರೆ. ಆಕೆಗೂ ಹೇಳಿದೆ, ಆಕೆ ಎದ್ದು ಹೋದಳು.

ತೊಳೆದು ಬಂದಾಗ ಕಪ್ಪು ಕಂದಾಗಿತ್ತು. ಯಂತ್ರ ಮಾತ್ರ ಒಪ್ಪಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಶುರು ಮಾಡಿದೆ. ಬೆರಳಚ್ಚು ಯಂತ್ರದ ವೈರ್ ಕಿತ್ತು ಬೇರೆ ಕಿಂಡಿಗೆ ಹಾಕಿದೆ. ಬ್ರೌಸರಿನ ಹಳೆಯ ನೆನಪುಗಳನ್ನೆಲ್ಲ ಅಳಿಸಿದೆ. ಯಂತ್ರದ ಜೊತೆ ಮಾತಾಡುವ ಚಿಕ್ಕ ಸಾಫ್ಟ್‌ವೇರನ್ನು ತೆಗೆದು ಹೊಸದಾಗಿ ಹಾಕಿದೆ. ಅದು ಇಳಿದು ಬರುವಷ್ಟರಲ್ಲಿ ನನ್ನ ಜೀವ ಅರ್ಧ ಹೋಯಿತು, ಏಕೆಂದರೆ ಆ ದಿನ ಇಂಟರ್‌ನೆಟ್ ಎತ್ತಿನ ಗಾಡಿಯ ಹಾಗೆ ನಡೆಯುತ್ತಿತ್ತು. ಗಂಡ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ಯಾರದೋ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿ ಕೂತಿದ್ದ. ಬ್ರೌಸರಿನ ತೊಂದರೆಯೋ ಏನೋ ನೋಡು ಎಂದೆ.

“ಸುಲಿತದ ಕಾಲ ಅಲ್ವಾ ಅಕ್ಕ, ಮೊದ್ಲು ಕೈ ನೋಡಿ. ಪಾಪದ ಬ್ರೌಸರಿಗೆ ಎಂತಕ್ಕೆ ಬೈತೀರಿ” ಎಂದ.

ಅದು ನನಗೂ ಸರಿ ಎನಿಸಿತು. ಸುಲಿತ ಶುರುವಾದ ಆ ಹದಿನೈದು ದಿನದಲ್ಲಿ ಬೆರಳಚ್ಚಿಗೆ ಬಂದವರೆಲ್ಲ ವಾಪಸು ಹೋಗಿದ್ದರು, ನಿಜ. ಆದರೆ ಅವರೆಲ್ಲರೂ ಸುಲಿಯುವವರು. ಉಳಿದವರು ಓಟಿಪಿಯಲ್ಲಿ ಕೆಲಸ ಮುಗಿಸಿಕೊಂಡಿದ್ದರು. ಸುಲಿಯುವವರ ಬೆರಳು ಬರುವುದಿಲ್ಲ ಎಂಬುದು ನಮ್ಮ ಊರುಗಳಲ್ಲಿ ಸೂರ್ಯ ಹುಟ್ಟಿದಷ್ಟೇ ನಿಶ್ಚಯದ ಮಾತು. ಯಾರಿಗೆ ಅನುಮಾನ ಬರಬೇಕು? ಆಕೆಯನ್ನು ಮತ್ತೆ ನಲ್ಲಿಗೆ ಕಳಿಸಿದೆ.

ಈ ಸಲ ಹೊರಗೆ ಹೆಚ್ಚು ಹೊತ್ತಾಯಿತು. ಕಲ್ಲಿನ ಸದ್ದು ಒಳಗೆ ಕೇಳುತ್ತಿತ್ತು. ಬಂದು ಹೆಬ್ಬೆರಳು ಇಟ್ಟಳು. ತೆಗೆದಾಗ ಗಾಜಿನ ಮೇಲೆ ತೆಳುವಾಗಿ ರಕ್ತ. ಎರಡೂ ಹೆಬ್ಬೆರಳು, ಎರಡೂ ತೋರುಬೆರಳು ಚರ್ಮ ಕಿತ್ತು ಕೆಂಪಾಗಿದ್ದವು. ಇಷ್ಟೊಂದು ತಿಕ್ಕಲು ಯಾರು ಹೇಳಿದರು ಮಾರಾಯ್ತಿ ಎಂದು ನಾನು ರೇಗಿದೆ. ಹೇಳಿದ್ದು ನಾನೇ ಎಂದು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ನನಗೆ ಅಳು ಬಂದ ಹಾಗಾಯಿತು, ಅದನ್ನು ಸಿಟ್ಟು ಮಾಡಿಕೊಂಡು ಕೂತೆ.

ಇದಾಗುವುದಿಲ್ಲ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೆ. ಆಕೆಗೆ ಅದು ಮುಖದಲ್ಲೇ ತಿಳಿಯಿತು.

“ಹೋದ್ಸಲ ಮೈಯಲ್ಲಿ ರಕ್ತ ಕಮ್ಮಿ ಅಂತ ವಾಪಾಸ್ ಕಳ್ಸಿದ್ರು ಅಕ್ಕ. ರಕ್ತ ಏರಿಸ್ಕಂಡು ಈಗ ಒಪ್ಪಿದಾರೆ. ಇದು ತಪ್ಪಿದ್ರೆ ಇನ್ನೊಂದ್ಸಲ ಸರದಿ ಬರೋವರೆಗೆ ನಾನು ಇರ್ತೀನಾ ಅಂತ” ಎಂದಳು.

ಹೆದರಿಸುವ ಧ್ವನಿಯಲ್ಲ, ಬೇಡುವ ಧ್ವನಿಯೂ ಅಲ್ಲ. ಲೆಕ್ಕ ಹಾಕಿ ನೋಡಿದವಳ ಹಾಗೆ ಹೇಳಿದಳು. ನಾನು ಗಂಡನಿಗೆ ಬಸ್‌ಸ್ಟಾಂಡಿಗೆ ಹೋಗಿ ನಿಲ್ಲು, ಬಸ್ಸು ಬಂದರೆ ಕಂಡಕ್ಟರನ ಕಾಲು ಹಿಡಿದಾದರೂ ನಿಲ್ಲಿಸು ಎಂದು ಕಳಿಸಿದೆ.

ಗಾಜಿನ ಮೇಲಿನ ರಕ್ತ ಒರೆಸಬೇಕಿತ್ತು. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸುವಾಗ ಇನ್ನೊಂದು ಕೈ ತಾಗಿ ಮೌಸಿನ ಗುಂಡಿ ಒತ್ತಿಹೋಯಿತು. ಚಕ್ರ ತಿರುಗತೊಡಗಿತು. ಬೆರಳಚ್ಚು ಹಿಡಿಯುವ ಹೊತ್ತಿನಲ್ಲಿ ಆ ಗಾಜಿನ ಕೆಳಗೆ ಒಂದು ಕೆಂಪು ದೀಪ ಹತ್ತಬೇಕು. ಮಾಮೂಲಿಯಾಗಿ ಬೆರಳು ಮೇಲೆ ಇರುವುದರಿಂದ, ನನ್ನ ಕಣ್ಣು ಪರದೆಯ ಮೇಲೆ ಇರುವುದರಿಂದ ಅದನ್ನು ನೋಡುವ ಪ್ರಮೇಯವೇ ಇರಲಿಲ್ಲ. ಈಗ ಬರಿಯ ಗಾಜು ಕಣ್ಣೆದುರಿಗಿತ್ತು. ದೀಪ ಹತ್ತಲಿಲ್ಲ. ಪುಟ ಎಂದಿನಂತೆ, ಬೆರಳಚ್ಚು ಸೆರೆಯಾಗಲಿಲ್ಲ ಎಂದಿತು.

ಗಾಜು ಒಣಗಿಸಿ ನನ್ನದೇ ಹೆಬ್ಬೆರಳು ಇಟ್ಟೆ. ನಾನು ಕೀಬೋರ್ಡು ಕುಟ್ಟುವವಳು, ನನ್ನ ಗೆರೆಗಳಿಗೆ ಏನೂ ಆಗಿಲ್ಲ. ಯಂತ್ರ ಸರಿಯಿದ್ದರೆ ಇದು ಈ ವ್ಯಕ್ತಿಯ ಬೆರಳಲ್ಲ ಎಂದು ಬರಬೇಕು. ಆದರೆ ಆಗಲೂ ಸೆರೆಯಾಗಲಿಲ್ಲ ಎಂದೇ ಬಂತು. ಮತ್ತೆ ಒಂದು ಮಾತು ತಲೆಗೆ ಬಡಿಯಿತು. ತಪ್ಪು ಬೆರಳನ್ನು ಪದೇ ಪದೇ ಕೊಟ್ಟರೆ ಆ ದಿನದ ಮಟ್ಟಿಗೆ ಆಧಾರ್‌ನವರು ಬೀಗ ಹಾಕುತ್ತಾರೆ. ಇಷ್ಟು ಸಲ ತಪ್ಪಿಯೂ ಬೀಗ ಬಿದ್ದಿರಲಿಲ್ಲ. ಅಂದರೆ ಆಕೆಯ ಬೆರಳು ಈ ಕೋಣೆ ಬಿಟ್ಟು ಆಚೆಗೇ ಹೋಗಿರಲಿಲ್ಲ. ಯಂತ್ರ ಅದನ್ನು ನೋಡಿಯೇ ಇರಲಿಲ್ಲ.

ಯಂತ್ರ ಮಾಡಿದವರೇ ಕೊಟ್ಟ ಪರೀಕ್ಷೆಯ ಕಿಟಕಿಯೊಂದಿದೆ, ಅದಕ್ಕೆ ಬ್ರೌಸರ್ ಬೇಕಾಗಿಲ್ಲ. ತೆರೆದು ಬೆರಳಿಟ್ಟೆ. ದೀಪ ಹತ್ತಿತು, ನನ್ನ ಹೆಬ್ಬೆರಳಿನ ಚಿತ್ರ ಸ್ಪಷ್ಟವಾಗಿ ಬಂತು. ಯಂತ್ರ ಸರಿ ಇದೆ. ಸರ್ಕಾರದ ಪುಟವೂ ತೆರೆದಿದೆ. ನಡುವೆ ಯಾರೋ ಬಾಗಿಲು ಹಾಕಿದ್ದಾರೆ. ನಡುವೆ ಹೊಸದಾಗಿ ಬಂದು ಕೂತಿದ್ದು ಒಂದೇ, ಆ ಹಸಿರು ಗುರುತಿನ ಆಡ್-ಆನ್.

ಪುಟವೊಂದು ಹೊರಗಿನಿಂದ ಬಂದು ನಮ್ಮ ಕಂಪ್ಯೂಟರಿಗೆ ಸಿಕ್ಕಿಸಿದ ಬೆರಳಚ್ಚು ಯಂತ್ರವನ್ನು ಮಾತಾಡಿಸಿದರೆ ಆಡ್-ಆನ್‌ಗೆ ಅದು ಕಳ್ಳರ ಲಕ್ಷಣ. ಅದು ತಡೆಯುತ್ತದೆ. ತಡೆದದ್ದು ತಪ್ಪಲ್ಲ, ಅದರ ಕೆಲಸವೇ ಅದು. ದೊಡ್ಡ ಬ್ರೌಸರಿನಲ್ಲಾದರೆ ತಡೆದೆ, ಬಿಡಲೋ ಬೇಡವೋ ಎಂದು ಒಂದು ಕಿಟಕಿ ತೆರೆದು ಕೇಳುತ್ತದೆ. ನನ್ನ ಈ ಅಪರೂಪದ ಬ್ರೌಸರಿನಲ್ಲಿ ಆ ಕಿಟಕಿ ತೆರೆಯುತ್ತಲೇ ಇರಲಿಲ್ಲ. ಕೇಳದೆ, ಹೇಳದೆ ತಡೆಯುತ್ತಿತ್ತು. ಪುಟಕ್ಕೆ ಕಾರಣ ತಿಳಿಯದೆ ಅದು ತಪ್ಪನ್ನು ಬೆರಳಿನ ಮೇಲೆ ಹೊರಿಸುತ್ತಿತ್ತು. ನಾವು ಕೈಯ ಮೇಲೆ ಹೊರಿಸುತ್ತಿದ್ದೆವು.

ಆಡ್-ಆನ್ ಬಂದ್ ಮಾಡಲು ಹೋದರೆ ಪಾಸ್‌ವರ್ಡ್ ಕೇಳಿತು. ಅದು ಮೆಕ್ಯಾನಿಕ್ ಇಟ್ಟದ್ದು. ಈಗ ಅವನ ಫೋನು ವ್ಯಾಪ್ತಿ ಪ್ರದೇಶದ ಹೊರಗೆ. ಬ್ರೌಸರನ್ನು ಯಾವ ಆಡ್-ಆನ್ ಕೂಡ ಇಲ್ಲದೆ ತೆರೆಯುವ ಒಂದು ಕ್ರಮವಿದೆ, ಒಂದು ಕೀ ಒತ್ತಿ ಹಿಡಿದು ತೆರೆಯಬೇಕು. ಹಾಗೆ ತೆರೆದೆ. ಬಂತು ಎನ್ನುವಷ್ಟರಲ್ಲಿ ಪುಟದ ಬದಲು ಎಚ್ಚರಿಕೆ ಬಂತು, ಈ ಸಂಪರ್ಕ ಸುರಕ್ಷಿತವಲ್ಲ ಎಂದು. ಆಡ್-ಆನ್ ಹೋದರೂ ಅದರ ಹಿಂದಿನ ಸಾಫ್ಟ್‌ವೇರ್ ಹೋಗಿರಲಿಲ್ಲ. ಬರುವ ಹೋಗುವ ಪ್ರತಿ ಪುಟವನ್ನೂ ಅದು ನಡುವೆ ಬಿಚ್ಚಿ ನೋಡಿ, ತನ್ನ ಮುದ್ರೆ ಒತ್ತಿ ಕಳಿಸುತ್ತಿತ್ತು. ಆಡ್-ಆನ್ ಇರುವವರೆಗೆ ಬ್ರೌಸರ್ ಆ ಮುದ್ರೆಯನ್ನು ನಂಬಿತ್ತು. ಈಗ ಇದು ಯಾರ ಮುದ್ರೆ, ನನಗೆ ಗೊತ್ತಿಲ್ಲ ಎನ್ನುತ್ತಿತ್ತು.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಇನ್ನು ಒಂದೇ ದಾರಿ. ಇಡೀ ಭದ್ರತೆಯ ಕಾವಲನ್ನೇ ನಿಲ್ಲಿಸುವುದು. ಅದಕ್ಕೆ ಪಾಸ್‌ವರ್ಡ್ ಬೇಕಿರಲಿಲ್ಲ. ಕಂಪ್ಯೂಟರ್ ಮತ್ತೆ ಶುರುವಾಗುವವರೆಗೆ ನಿಲ್ಲಿಸು ಎಂಬ ಆಯ್ಕೆ ಮೂಲೆಯಲ್ಲೇ ಇತ್ತು. ಹೇಳಲಿಕ್ಕೆ ಸುಲಭ. ಆದರೆ ವೈರಸ್ ಬಂದ ದಿನ ನಾನು ಈ ಕುರ್ಚಿಯಲ್ಲಿ ಕೂತು ಜನರ ದಾಖಲೆಗಳು ಒಂದೊಂದಾಗಿ ಹಾಳಾಗುವುದನ್ನು ಕಂಡವಳು. ಆಮೇಲೆ ಮತ್ತೆ ಕೂಡಿಟ್ಟ ಮೂರು ತಾಲೂಕಿನವರ ಆಧಾರ್, ಪಹಣಿ, ಮಕ್ಕಳ ಅಂಕಪಟ್ಟಿ ಈ ಮುದಿ ಯಂತ್ರದೊಳಗಿವೆ. ಕಾವಲಿಲ್ಲದೆ ಬಾಗಿಲು ತೆರೆದಿಟ್ಟು ಏನಾದರೂ ಆದರೆ ಯಾರಿಗೆ ಮುಖ ತೋರಿಸಲಿ? ಎದುರಿಗೆ ಆಕೆ ಚರ್ಮ ಕಿತ್ತ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ನಾನು ಬೇರೆಲ್ಲ ಕಿಟಕಿ ಮುಚ್ಚಿದೆ, ಪೆನ್‌ಡ್ರೈವ್ ಕಿತ್ತೆ, ದೇವರ ಹೆಸರು ಹೇಳಿ ಕಾವಲು ನಿಲ್ಲಿಸಿದೆ.

ಪುಟ ತೆರೆಯಿತು. ಆಕೆಯ ಬಲ ಹೆಬ್ಬೆರಳು ಇಡಿಸಿದೆ. ಈ ಸಲ ನಾನು ಪರದೆ ನೋಡಲಿಲ್ಲ, ಗಾಜು ನೋಡಿದೆ. ಬೆರಳಿನ ಅಂಚಿನಲ್ಲಿ ಕೆಂಪು ದೀಪ ಹತ್ತಿದ್ದು ಕಂಡಿತು.

ಪರದೆಯಲ್ಲಿ ಹೊಸ ಉತ್ತರ ಬಂತು. ಬೆರಳಚ್ಚು ಹೊಂದಿಕೆಯಾಗಲಿಲ್ಲ.

ಹೊಂದುವುದಾದರೂ ಹೇಗೆ? ಗೆರೆ ಇದ್ದ ಚರ್ಮವನ್ನೇ ನಾವು ಕಲ್ಲಿಗೆ ಕೊಟ್ಟಿದ್ದೆವು. ಬೆಳಿಗ್ಗೆ ಆಕೆ ಬಂದು ಅಂಗೈ ಮೇಲೆ ಮಾಡಿ ಇಟ್ಟಾಗ, ಕಪ್ಪಗಿದ್ದ ಆ ಬೆರಳಲ್ಲಿ ಗೆರೆ ಇತ್ತೋ ಏನೋ. ಈಗ ಖಂಡಿತ ಇಲ್ಲ. ಈಗ ಪ್ರತಿ ತಪ್ಪಿಗೂ ಲೆಕ್ಕವಿದೆ, ಇನ್ನೊಂದೆರಡು ತಪ್ಪಿದರೆ ಬೀಗ.

ಬಸ್ಸು ಬಂದು ನಿಂತಿತ್ತು. ಗಂಡ ಓಡಿ ಬಂದು, ಕಂಡಕ್ಟರ್ ಒಂದು ಟೀ ಕುಡಿಯುವಷ್ಟು ಹೊತ್ತು ಕಾಯುತ್ತಾನಂತೆ ಎಂದ. ನಾನು ಆಕೆಯ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಜೀವನದಲ್ಲಿ ಅಷ್ಟು ಗಮನವಿಟ್ಟು ಒಬ್ಬರ ಕೈ ನೋಡಿದ್ದು ಅದೇ ಮೊದಲು. ನಾವು ಕೇಳುವುದು ಹೆಬ್ಬೆರಳು, ತೋರುಬೆರಳು. ಆಕೆ ತಿಕ್ಕಿದ್ದೂ ಅವನ್ನೇ. ಉಳಿದ ಬೆರಳುಗಳು ಹಾಗೇ ಕಪ್ಪಗೆ ಇದ್ದವು. ಎಡಗೈ ಉಂಗುರ ಬೆರಳು ಸುಲಿಯುವಾಗ ಕಾಯಿಗೆ ಅಷ್ಟಾಗಿ ತಾಗುವುದಿಲ್ಲ. ಅದರ ಕಪ್ಪಿನ ಕೆಳಗೆ ಸಣ್ಣ ಸಣ್ಣ ಗೆರೆಗಳು ಸುತ್ತಿಕೊಂಡು ಮಲಗಿದ್ದವು. ಆಧಾರ್ ಮಾಡಿಸುವಾಗ ಹತ್ತೂ ಬೆರಳು ತೆಗೆದಿರುತ್ತಾರೆ.

ಆಕೆ ಎದ್ದು ನಿಂತು, ಅದನ್ನೂ ತೊಳೆದು ಬರುತ್ತೇನೆ ಎಂದಳು. ನಾನು ಕೈ ಬಿಡಲಿಲ್ಲ. ಕರೆ ಇರುವ ಹಾಗೆಯೇ, ಒಣಬಟ್ಟೆಯಲ್ಲಿ ಒಂದು ಸಲ ಒರೆಸಿ, ಗಾಜಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿ ಹಿಡಿದೆ.

ಚಕ್ರ ತಿರುಗಿತು. ಹಸಿರು ಗೆರೆ ಬಂತು. ದೃಢೀಕರಣ ಯಶಸ್ವಿ.

ಪ್ರಿಂಟರ್ ಕಾರ್ಡು ಉಗುಳುತ್ತಿರುವಾಗ ನಾನು ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ, ಆಡ್-ಆನ್ ಅಂತೆ, ತಡೆದದ್ದಂತೆ, ನಿನ್ನ ತಪ್ಪಲ್ಲ ಮಾರಾಯ್ತಿ ಎಂದೆಲ್ಲ. ಆಕೆಗೆ ಅದರಲ್ಲಿ ಎಷ್ಟು ತಿಳಿಯಿತೋ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಡನ ಕೈಗೆ ಕೊಟ್ಟೆ. ಆಕೆ ಬಾಗಿಲ ಮೆಟ್ಟಿಲಲ್ಲಿ ನಿಂತು ತಿರುಗಿದಳು.

“ಹಂಗಾದ್ರೆ ನನ್ ಕೈ ಸರಿ ಇತ್ತಾ ಅಕ್ಕ?”

“ಸರಿ ಇತ್ತು” ಎಂದೆ.

ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಆಕೆ ತನ್ನ ಹೆಬ್ಬೆರಳುಗಳನ್ನು ಒಂದು ಸಲ ನೋಡಿಕೊಂಡು, ಗಂಡನ ತೋಳು ಹಿಡಿದು ಬಸ್ಸಿನ ಕಡೆ ನಡೆದಳು.

ಅವರು ಹೋದ ಮೇಲೆ ಕಂಪ್ಯೂಟರ್ ಮತ್ತೆ ಶುರು ಮಾಡಿ ಕಾವಲು ಕೂರಿಸಿದೆ. ಸಂಜೆ ಮೆಕ್ಯಾನಿಕ್ ಫೋನಿನಲ್ಲಿ ಸಿಕ್ಕಿದಾಗ ಚೆನ್ನಾಗಿ ಉಗಿದೆ. ಅವನು ಮರುದಿನ ಬಂದು, ಬೆರಳಚ್ಚಿನ ಯಂತ್ರಕ್ಕೆ ಆಡ್-ಆನ್‌ನಲ್ಲಿ ದಾರಿ ಬಿಡಿಸಿಕೊಟ್ಟ. ಬ್ರೌಸರ್ ಬದಲಾಯಿಸೋಣವೇ ಎಂದು ಕೇಳಿದ. ಬೇಡ ಎಂದೆ. ನನಗೆ ಈಗಲೂ ಅದರ ಮೇಲೆ ಸಿಟ್ಟಿಲ್ಲ. ವಾಪಸು ಕಳಿಸಿದವರಲ್ಲಿ ನೆನಪಿದ್ದವರಿಗೆಲ್ಲ ಹೇಳಿ ಕಳಿಸಿದೆ. ಕೆಲವರು ಬಂದರು. ಬಂದವರಲ್ಲಿ ಹೆಚ್ಚಿನವರ ಬೆರಳು, ಕಪ್ಪಿದ್ದ ಹಾಗೆಯೇ, ಮೊದಲ ಸಲಕ್ಕೇ ಬಂತು. ನಲ್ಲಿಯ ಹತ್ತಿರದ ಆ ಕಲ್ಲನ್ನು ನಾನು ಎತ್ತಿ ಹಿತ್ತಲಾಚೆಯ ಹಳ್ಳಕ್ಕೆ ಎಸೆದೆ.

ಆಪರೇಷನ್ ಆಯಿತು, ಗೆಡ್ಡೆ ತೆಗೆದರು ಎಂದು ಗಂಡ ಫೋನ್ ಮಾಡಿ ತಿಳಿಸಿದ್ದ. ಸುಲಿತ ಮುಗಿಯುತ್ತಾ ಬಂದಾಗ ಒಂದು ದಿನ ಆಕೆಯೇ ಬಂದಳು, ರೇಷನ್ ಕಾರ್ಡಿಗೆ ಬೆರಳಚ್ಚು ಕೊಡಲು. ಮುಖದಲ್ಲಿ ರಕ್ತ ಕಾಣುತ್ತಿತ್ತು. ಕಿಟಕಿಯಿಂದ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಬಾಗಿಲಿಗೆ ಹೋದೆ.

ಆಕೆ ಒಳಗೆ ಬರಲಿಲ್ಲ. ನೇರ ನಲ್ಲಿಯ ಹತ್ತಿರ ಹೋಗಿ, ಅತ್ತಿತ್ತ ಹುಡುಕಿದಳು. ಕಲ್ಲು ಕಾಣಲಿಲ್ಲ. ರಸ್ತೆಯ ಬದಿಯ ಜಲ್ಲಿ ರಾಶಿಯಿಂದ ಒಂದು ಚೂರು ಆರಿಸಿಕೊಂಡು, ಕೂತು, ಹೆಬ್ಬೆರಳು ತಿಕ್ಕತೊಡಗಿದಳು.

ನಾನು ಹೋಗಿ ಕೈ ಹಿಡಿದೆ. ಅದು ಬೇಡ, ಕೈ ಸರಿ ಇದೆ, ಅವತ್ತೇ ಹೇಳಿದ್ದೆನಲ್ಲ ಎಂದೆ.

“ನೀವು ಹೇಳಿದ್ರಿ ಅಕ್ಕ” ಎಂದಳು ಆಕೆ, ಜಲ್ಲಿಯ ಚೂರನ್ನು ಬಿಡದೆ. “ಮಿಷನ್ನಿಗೂ ಗೊತ್ತಾಗ್ಬೇಕಲ್ಲ.”